ಖಾಲಿ ಬಿಡುವಂತಿಲ್ಲ

ಇಪ್ಪತ್ತಾರು ವರ್ಷ, ಈ ಲಗ್ಗೆರೆ ಶಾಲೆಯ ಆಫೀಸಿನಲ್ಲಿ,
ಬೀರುವಿನ ಬೀಗದ ಕೈ ನನ್ನ ಬಳೆಯ ಪಿನ್ನಿಗೇ ನೇತಾಡಿತ್ತು.
ಯಾರ ಅಪ್ಪ ಜೈಲಿನಲ್ಲಿ, ಯಾರಿಗೆ ಫಿಟ್ಸು,
ಯಾರ ಜಾತಿಯ ಕಾಲಮ್ಮಿನಲ್ಲಿ ಎರಡು ಸಲ ಒದ್ದೆ ಬೆರಳಾಡಿದೆ,
ಎಲ್ಲ ನನಗೆ ಗೊತ್ತು, ಬೀರುವಿಗೆ ಗೊತ್ತು,
ಒಂದಿಷ್ಟು ಗೆದ್ದಲಿಗೆ ಗೊತ್ತು.
ಗೆದ್ದಲು ತಿನ್ನುತ್ತಿತ್ತು; ಯಾರಿಗೂ ಹೇಳುತ್ತಿರಲಿಲ್ಲ.

ಹೋದ ಜೂನಿನಲ್ಲಿ ಆ್ಯಪು ಬಂತು.
ಎಚ್‌ಎಸ್‌ಆರ್ ಲೇಔಟಿನ ಹುಡುಗ, ಟೀ ಶರ್ಟಿನ ಎದೆಯ ಮೇಲೆ ನಗುವ ಗೂಬೆ,
ಒಬ್ಬೊಬ್ಬರಿಗೂ ಒಂದು ತುಂಡು ಮೈಸೂರುಪಾಕು ಕೊಟ್ಟು ಹೇಳಿದ:
"ಇನ್ನು ಬರೆಯೋ ಕೆಲಸಾನೇ ಇಲ್ಲ ಮೇಡಂ.
ಗೇಟಿನ ಕ್ಯಾಮೆರಾ ಮುಖ ನೋಡತ್ತೆ, ಹಾಜರಿ ಹಾಕತ್ತೆ,
ವ್ಯಾನು ಎಲ್ಲಿದೆ ಅಂತ ಅಪ್ಪನ ಫೋನಿಗೆ ಹೇಳತ್ತೆ."
"ಇದೆಲ್ಲ ಎಲ್ಲಿರತ್ತೆ?" ಅಂದೆ.
ತಮಾಷೆಗೆ ಕಿಟಕಿಯಾಚೆ ಮೋಡದ ಕಡೆ ಕೈ ತೋರಿಸಿದ.
ನಾನೂ ನೋಡಿದೆ. ಪೀಣ್ಯದ ಹೊಗೆಯಿತ್ತು.

ಕೆಂಪು ನಕ್ಷತ್ರ ಇರುವ ಕಡೆ ಖಾಲಿ ಬಿಡುವಂತಿಲ್ಲ.
ನಾನೂರ ಹನ್ನೆರಡು ಮಕ್ಕಳು, ತಲೆಗೆ ಹನ್ನೊಂದು ನಕ್ಷತ್ರ.
ಅಂಜಿನಮ್ಮನ ಮಗಳು ಇಂಪನ, ಎಂಟನೇ ಬಿ.
ತಂದೆಯ ಮೊಬೈಲು?
ಹಳೇ ಅರ್ಜಿಯಲ್ಲಿ ಆ ನಂಬರಿನ ಮೇಲೆ ಅಂಜಿನಮ್ಮ
ಗೀಟು ಎಳೆದಿದ್ದಳು, ಕಾಗದ ಹರಿಯುವಷ್ಟು ಒತ್ತಿ.
ಅವತ್ತು ಅವಳ ಹುಬ್ಬಿನ ಮೇಲೆ ಹೊಲಿಗೆಯಿತ್ತು;
ಏನೂ ಕೇಳದೆ ಅರ್ಜಿಯನ್ನು ಬೀರುವಿನ ತಳಕ್ಕೆ ಸೇರಿಸಿದ್ದೆ.
ಆದರೆ ಈಗ ಸಂಜೆ ಆರೂವರೆ, ಇನ್ನೂ ಅರವತ್ತು ಮಕ್ಕಳು ಬಾಕಿ.
ಗೀಟಿನ ಕೆಳಗಿನ ಹತ್ತು ಅಂಕಿ
ಟ್ಯೂಬ್‌ಲೈಟಿಗೆ ಹಿಡಿದರೆ ಕಾಣುತ್ತಿತ್ತು.
ಹಿಡಿದೆ.
ನಕ್ಷತ್ರ ಆರಿತು.

ಶ್ರಾವಣದ ಒಂದು ಮಂಗಳವಾರ
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ವ್ಯಾನಿನ ಕಿಟಕಿ ತಟ್ಟಿದನಂತೆ.
ಒಂದು ಕೈಯಲ್ಲಿ ಕಡಲೆಕಾಯಿ ಪೊಟ್ಟಣ, ಇನ್ನೊಂದರಲ್ಲಿ ಫೋನು,
ಫೋನಿನಲ್ಲಿ ಹಳದಿ ಚುಕ್ಕಿಯಾಗಿ ಅವಳು.
"ನಾಲ್ಕು ವರ್ಷ ಹುಡುಕಿದೆ ಕಣೆ. ನಿಮ್ಮ ಸ್ಕೂಲಿನೋರು ಒಳ್ಳೇವ್ರು,
ದಿನಾ ಮೆಸೇಜ್ ಹಾಕ್ತಾರೆ" ಅಂದನಂತೆ.

ಗಾರ್ಮೆಂಟ್ಸಿನ ಗುರುತಿನ ಚೀಟಿ ಕೊರಳಲ್ಲೇ ನೇತಾಡಿಸಿಕೊಂಡು ಬಂದಳು ಅಂಜಿನಮ್ಮ.
ಬಯ್ಯಲಿಲ್ಲ. "ಯಾರು ಕೊಟ್ರು ಮೇಡಂ ನಂಬರು?" ಅಷ್ಟೇ.
"ಸಿಸ್ಟಮ್ಮು" ಅಂದೆ.
ಎಷ್ಟು ನುಣ್ಣಗೆ ಜಾರಿತು ಆ ಮಾತು, ನನ್ನದೇ ಬಾಯಿಂದ.

ಅಳಿಸಲು ಕೂತೆ. ಅಳಿಸಿದರೆ ನಕ್ಷತ್ರ ಮತ್ತೆ ಉರಿಯುತ್ತದೆ.
ಬದಲಿಸಬಹುದು, ಆದರೆ ಒಟಿಪಿ ಹಳೇ ನಂಬರಿಗೇ ಹೋಗುತ್ತದೆ.
ಗೂಬೆ ಹುಡುಗ ಫೋನಿನಲ್ಲಿ ಅಂದ:
"ಟಿಕೆಟ್ ರೈಸ್ ಮಾಡಿ ಮೇಡಂ, ಏಳು ಕೆಲಸದ ದಿನ."
ಟಿಕೆಟ್ಟು ಅಂದರೆ ನನಗೆ ಗೊತ್ತಿರುವುದು ಬಸ್ಸಿಂದು;
ಅದರಲ್ಲಿ ಇಳಿಯುವ ಜಾಗವನ್ನೂ ಬರೆದಿರುತ್ತಾರೆ.

ಬುಧವಾರ, ನೀರಿನ ಟ್ಯಾಂಕರು ಬರುವ ಹಿಂದಿನ ಬಾಗಿಲಿನಿಂದ
ಅವಳನ್ನು ಒಳಗೆ ಕರೆದುಕೊಂಡೆ.
ನನ್ನ ಮೇಜಿನ ಆಚೆ ಕೂತು ಚಿತ್ರಾನ್ನದ ಮೆಣಸಿನಕಾಯಿ ಹೆಕ್ಕಿ
ಡಬ್ಬಿಯ ಮುಚ್ಚಳದ ಮೇಲೆ ಸಾಲಾಗಿ ಇಡುತ್ತಿದ್ದಳು.
ಒಂಬತ್ತೂ ಹತ್ತಕ್ಕೆ ಪರದೆ ಹೇಳಿತು:
ಇಂಪನ ಎ., ಗೈರುಹಾಜರಿ.
ಅದೇ ಗಳಿಗೆಗೆ ಗೇಟಿನಾಚೆ, ಅಯ್ಯಂಗಾರ್ ಬೇಕರಿಯ ಮುಂದೆ,
ಒಂದು ಜೇಬು ನಡುಗಿರಬೇಕು:
ನಿಮ್ಮ ಮಗಳು ಇಂದು ಶಾಲೆಗೆ ಬಂದಿಲ್ಲ.

ಇಪ್ಪತ್ತಾರು ವರ್ಷದಲ್ಲಿ ಒಂದು ಹಾಜರಿಯನ್ನೂ ತಪ್ಪು ಹಾಕಿದವಳಲ್ಲ.
ತಿದ್ದಬೇಕೆ? ಪರದೆ ಕೇಳಿತು.
ಮೂರು ಸಲ ಕೇಳಿತು.
"ಮಿಸ್, ಕನ್ನಡ ಪೀರಿಯಡ್ಡು ಶುರುವಾಯ್ತು, ಹೋಗ್ಲಾ?"
ಹೋಗು ಅಂದೆ.
ಕಿಟಕಿ ಪಕ್ಕ ಕೂತ್ಕೋಬೇಡ.